ವಿಮಾನ ಹತ್ತುವ ಮೊದಲು ತಾಂಡಾ ಸುತ್ತಬೇಕೆ?

ನರ್ಸಿಂಗ್ ಓದುವ ಮಕ್ಕಳು ಕೆಲ ಕಾಲ ಪರದೇಶದಲ್ಲಿದ್ದು ಬಂದರೆ, ತಮ್ಮಂತಲ್ಲದ ರೋಗಿಗಳನ್ನು ಅರಿತು ಆರೈಕೆ ಮಾಡುತ್ತಾರೆ ಎಂಬ ಮಾತಿದೆ. ಅದು ಹುಸಿಯಲ್ಲ. ಹಾಗೆ ಅರಿತು ಆರೈಕೆ ಮಾಡುವ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟ ಅಮೆರಿಕದ ನರ್ಸ್ ಮೆಡಲೀನ್ ಲೈನಿಂಗರ್, 1960ರ ದಶಕದಲ್ಲಿ ಪಪುವಾ ನ್ಯೂಗಿನಿಯ ಗಡ್ಸಪ್ ಜನರ ನಡುವೆ ಬದುಕಿ ಕಲಿತವರು. ಆದರೆ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಓಡಾಡಿದವರಿಗೆ, ಇದಕ್ಕಾಗಿ ವಿಮಾನ ಹತ್ತಬೇಕೆ ಅನ್ನಿಸುತ್ತದೆ.

ಇಲ್ಲಿನ ಲಂಬಾಣಿ ತಾಂಡಾಗಳಲ್ಲಿ ಮನೆಮಾತು ಕನ್ನಡವಲ್ಲ. ಗುಳೆ ಹೋಗುವ ಕುಟುಂಬದ ಮಗುವಿಗೆ ಲಸಿಕೆ ಅರ್ಧಕ್ಕೇ ತಪ್ಪುತ್ತದೆ. ಆಸ್ಪತ್ರೆಯ ಚೀಟಿ ಬರೆಯುವಾಗ ‘ಗಂಡನ ಹೆಸರೇನಮ್ಮಾ?’ ಎಂದು ಕೇಳಿ ನೋಡಿ. ಒಬ್ಬಾಕೆ ಬಾಯಿ ಬಿಡುವುದಿಲ್ಲ. ಗಂಡನ ಹೆಸರು ಹೇಳಬಾರದೆಂದು ಬೆಳೆದವಳು. ಪಕ್ಕದಾಕೆಯೂ ತಲೆ ತಗ್ಗಿಸುತ್ತಾಳೆ. ಆಕೆ ಮಾಜಿ ದೇವದಾಸಿ, ಹೇಳಲು ಗಂಡನೆಂಬವನೇ ಇಲ್ಲ. ಮುತ್ತು ಕಟ್ಟಿ ದೇವರಿಗೆ ಬಿಡುವುದನ್ನು 1982ರ ಕಾಯ್ದೆ ನಿಷೇಧಿಸಿತು, ಆದರೂ ಆ ಪ್ರಶ್ನೆ ಅಂಥವರ ಬೆನ್ನು ಬಿಟ್ಟಿಲ್ಲ. ಈ ಎರಡು ಮೌನಗಳ ವ್ಯತ್ಯಾಸ ಯಾವ ವಿದೇಶಿ ವಾರ್ಡಿನಲ್ಲೂ ತಿಳಿಯದು.

ಹಾಗೆಂದು ಈ ಸೀಮೆಯವರಾದರೆ ಸಾಕು ಎನ್ನುವಂತಿಲ್ಲ. ಆ ಮೌನದ ಅರ್ಥ ಬಲ್ಲ ಸ್ಥಳೀಯ ಹುಡುಗಿ, ಬಲ್ಲಳೆಂಬ ಕಾರಣಕ್ಕೇ ಮೂಗು ಮುರಿಯಬಹುದು. ಜಾತಿ, ಕೇರಿಗಳ ಲೆಕ್ಕ ಅವಳೊಂದಿಗೇ ವಾರ್ಡಿಗೆ ಬರುತ್ತದೆ. ಮಾತು ತಿಳಿಯದ, ಊಟ ಒಗ್ಗದ ಊರಿನಲ್ಲಿ ತಾನೇ ಹೊರಗಿನವಳಾಗಿ ನಿಂತಾಗ ಆ ಬಿಗುಮಾನ ಸಡಿಲಗೊಳ್ಳಬಹುದು. ಪರದೇಶದ ನಿಜವಾದ ಲಾಭ ಇದೇ. ಆದರೆ ಅದಕ್ಕೆ ತಗಲುವ ಖರ್ಚನ್ನು ಕೂಲಿಕಾರರ ಮಗಳು ಹೊರಲಾರಳು. ಕೆಲವೇ ವಾರಗಳ ಭೇಟಿ ಸುಲಭವಾಗಿ ಪ್ರವಾಸವೂ ಆಗಿಬಿಡುತ್ತದೆ.

ಹೊರಗಿನವರಾಗಲು ದೇಶವನ್ನೇ ದಾಟಬೇಕಿಲ್ಲ. ಕರ್ನಾಟಕದ ನರ್ಸಿಂಗ್ ಕಾಲೇಜುಗಳಿಗೆ ಬರುವ ಕೇರಳದ ಮಕ್ಕಳು ರೋಗಿಯ ಮಂಚದ ಪಕ್ಕದಲ್ಲೇ ಕನ್ನಡ ಕಲಿಯುತ್ತಾರೆ. ಹಾಗಾಗಿ ಹಣ ಕಡಿಮೆಯಿದ್ದರೆ ಬೆಂಗಳೂರು, ಮಂಗಳೂರಿನ ಮಕ್ಕಳು ಹಡಗಲಿ, ಹರಪನಹಳ್ಳಿಗೆ ಬರಲಿ. ಇಲ್ಲಿನವರು ಕರಾವಳಿಗೋ ಮಲೆನಾಡಿಗೋ ಹೋಗಲಿ. ಆಶಾ ಕಾರ್ಯಕರ್ತೆಯ ಜೊತೆ ಮನೆಮನೆ ತಿರುಗಲು ತಿಂಗಳಾದರೂ ಕೊಡಬೇಕು. ಅಷ್ಟಾದ ಮೇಲೆ ಯಾರಾದರೂ ನೆರವು ಕೊಟ್ಟು ವಿದೇಶಕ್ಕೆ ಕಳಿಸಿದರೆ, ಅಲ್ಲಿ ಏನನ್ನು ಗಮನಿಸಬೇಕೆಂಬುದು ಆ ಮಕ್ಕಳಿಗೆ ಮೊದಲೇ ಗೊತ್ತಿರುತ್ತದೆ.