ಕಲರ್ ಕೋಡ್ ಅಂದ್ರೆ ಬೀಗ ಅಲ್ಲ ಸ್ವಾಮೀ!

"ರಿಪೀಟರ್‌ನ ಕಲರ್ ಕೋಡ್ ಯಾರಿಗೂ ಹೇಳ್ಬೇಡಿ, ಸಿಕ್ಕಸಿಕ್ಕವರೆಲ್ಲ ಬಂದುಬಿಡ್ತಾರೆ." ಹ್ಯಾಮ್ ರೇಡಿಯೋ ಹುಚ್ಚಿನ ಗೆಳೆಯರಿಂದ ಈ ಮಾತು ಕೇಳಿದಾಗಲೆಲ್ಲ ನಂಗೆ ಮೈ ಉರಿಯುತ್ತೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ರಿಪೀಟರ್ ಅಂದ್ರೆ ಬೆಟ್ಟದ ಮೇಲೋ ಎತ್ತರದ ಕಟ್ಟಡದ ಮೇಲೋ ಕೂತು, ನಮ್ಮ ಕೈಲಿರೋ ವಾಕಿಟಾಕಿಯ ಕ್ಷೀಣ ದನೀನ ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸ್ಕೊಂಡು ಇನ್ನೊಂದರಲ್ಲಿ ಜೋರಾಗಿ ಕಳಿಸೋ ಯಂತ್ರ. ಯಾವ ದನಿಗೆ ಕಿವಿಗೊಡಬೇಕು ಅಂತ ಅದಕ್ಕೆ ತಿಳಿಯೋದಕ್ಕೆ ಒಂದು ಗುರುತು ಬೇಕು. ಡಿಎಂಆರ್ ಅನ್ನೋ ಡಿಜಿಟಲ್ ಪದ್ಧತಿಯಲ್ಲಿ ಆ ಗುರುತೇ ಕಲರ್ ಕೋಡ್. ಹೆಸರಲ್ಲಿ ಮಾತ್ರ ಬಣ್ಣ, ಇರೋದು ಬರೀ 0ಯಿಂದ 15ರವರೆಗಿನ ಅಂಕಿ.

ಒಟ್ಟು 16! ಒಂದೊಂದಾಗಿ ಒತ್ತಿ ನೋಡೋಕೆ ಎಷ್ಟು ಹೊತ್ತು ಬೇಕು ಹೇಳಿ? ಅದೂ ಬೇಡ, ರಿಪೀಟರ್ ಬಾಯಿ ಬಿಟ್ಟಾಗಲೆಲ್ಲ ತನ್ನ ಕೋಡನ್ನ ತಾನೇ ಸಾರ್ತಿರುತ್ತೆ. ಅಗ್ಗದ ಎಸ್‌ಡಿಆರ್ ಡಾಂಗಲ್ ಇರೋ ಯಾವ ಹುಡುಗನಾದ್ರೂ ಓದ್ಕೋಬಹುದು. ಪಿ25 ಪದ್ಧತಿಯ ಎನ್‌ಎಸಿಯಲ್ಲಿ 4096 ಕೋಡ್‌ಗಳಿವೆ, ಆದ್ರೆ ಅದರದ್ದೂ ಇದೇ ಕಥೆ.

ಹಾಗಾದ್ರೆ ಇದು ಯಾಕಿದೆ? ಒಂದೇ ಫ್ರೀಕ್ವೆನ್ಸಿಯ ಎರಡು ರಿಪೀಟರ್‌ಗಳು ದೂರದೂರದಲ್ಲಿದ್ದಾಗ, ನನ್ನ ಮಾತಿಗೆ ಪಕ್ಕದ ಜಿಲ್ಲೆಯದ್ದೂ ಏಳಬಾರದು ಅಂತ. ಅಷ್ಟೇ. ಸಿಗ್ನಲ್ ಡಿಕ್ಕಿ ಹೊಡೆಯೋದನ್ನ ಕೋಡ್ ತಡೆಯಲ್ಲ, ಅದಕ್ಕೆ ಅಂತರಾನೇ ಬೇಕು. ಆದ್ರೆ ನಾವು ಮಾಡೋದೇನು? ಸುಮ್ನೆ 1 ಅಂತ ಬಿಟ್ಟುಬಿಡ್ತೀವಿ. ಅಕ್ಕಪಕ್ಕದವರೂ 1 ಇಟ್ಕೊಂಡಿದ್ರೆ ಕೋಡ್ ಇದ್ದೂ ಇಲ್ಲದ ಹಾಗೆ. ಅಂದ್ರೆ, ಜಾಣತನದಿಂದ ಆರಿಸಬೇಕಾದದ್ದನ್ನ ಆರಿಸಲ್ಲ, ಬಚ್ಚಿಡಬೇಕಿಲ್ಲದ್ದನ್ನ ಬಚ್ಚಿಡ್ತೀವಿ :)

ಗುಟ್ಟು ಬೇಕಾದ ಕಂಪನಿಗಳಿಗೆ ಎನ್‌ಕ್ರಿಪ್ಷನ್ ಅಂತ ಬೇರೇನೇ ಇದೆ. ಹ್ಯಾಮ್‌ಗಳು ಮಾತಿನ ಅರ್ಥ ಮುಚ್ಚಿಡೋ ಹಾಗೇ ಇಲ್ಲ, ಬಯಲಲ್ಲಿ ಆಡೋದೇ ನಮ್ಮ ಧರ್ಮ.

ನೆರೆ ಬಂದು ಮೊಬೈಲ್ ಟವರ್‌ಗಳು ಸತ್ತ ದಿನ ಯೋಚನೆ ಮಾಡಿ. ಲೈಸೆನ್ಸ್ ಇರೋ ಹ್ಯಾಮ್ ಒಬ್ಬ ಬೇರೆ ಊರಿಂದ ಓಡಿ ಬಂದಿದಾನೆ, ಸೆಟ್ಟಿದೆ, ಬ್ಯಾಟರಿ ಇದೆ, ರಿಪೀಟರ್ ಕೂಡ ಜೀವಂತ ಇದೆ. ಆ ಒಂದು ಅಂಕಿ ಹುಡುಕ್ತಾ ಅವನು ಯಾಕೆ ಹೊತ್ತು ಕಳೀಬೇಕು?

ಆದ್ದರಿಂದ ನನ್ನ ವಾದ ಇಷ್ಟು: ನೆರೆಯ ಕ್ಲಬ್ಬಿನವರ ಜೊತೆ ಮಾತಾಡಿ ಬೇರೆ ಬೇರೆ ಕೋಡ್ ಇಟ್ಕೊಳ್ಳಿ. ಆಮೇಲೆ ಫ್ರೀಕ್ವೆನ್ಸಿ, ಕಲರ್ ಕೋಡ್, ಟೈಮ್‌ಸ್ಲಾಟ್, ಟಾಕ್‌ಗ್ರೂಪ್ ನಾಲ್ಕನ್ನೂ ಎಲ್ಲರಿಗೂ ಕಾಣೋ ಹಾಗೆ ಬರೆದು ಹಾಕಿ.

ಏನಂತೀರಾ?