ಗ್ರೌಂಡ್ ಫ್ಲೋರ್ ಯಾರದ್ದು?

ಸಕ್ಕರೆ ಕಾಯಿಲೆಯ ಮಾತ್ರೆ ಕೊಡುವಾಗ ನಾವು ಔಷಧಿ ಕೌಂಟರಿನವರು ತಪ್ಪದೇ ಹೇಳುವ ಮಾತೊಂದಿದೆ: "ದಿನಾ ಅರ್ಧ ಗಂಟೆ ನಡೆಯಿರಿ." ಎಲ್ಲಿ ನಡೆಯಬೇಕು ಎಂದು ಮಾತ್ರ ಹೇಳುವುದಿಲ್ಲ. ಕಳೆದ ರಜೆಯಲ್ಲಿ ಬಂಧುಗಳನ್ನು ನೋಡಲು ನೈರೋಬಿಗೆ ಹೋದಾಗ ಆ ಪ್ರಶ್ನೆ ನಮಗೇ ಎದುರಾಯಿತು.

ಬಂಧುಗಳ ಫ್ಲ್ಯಾಟ್ ಇರುವುದು ಕಿಲಿಮಾನಿಯಲ್ಲಿ. ಒಂದು ಕಾಲಕ್ಕೆ ಅದು ತೋಟಗಳ ನಡುವಿನ ಬಂಗಲೆಗಳ ಬಡಾವಣೆ. ಈಗ ಬಂಗಲೆಗಳನ್ನು ಒಡೆದು ಬಹುಮಹಡಿ ಕಟ್ಟಡಗಳನ್ನು ಎಬ್ಬಿಸುತ್ತಿದ್ದಾರೆ. ಕೆಳಗೆ ಕಂಬಗಳು, ಅವುಗಳ ನಡುವೆ ಕಾರುಗಳು, ಸುತ್ತ ಎತ್ತರದ ಗೋಡೆ, ಅದರ ಮೇಲೆ ಕರೆಂಟ್ ತಂತಿ, ಗೇಟಿನಲ್ಲಿ 'ಅಸ್ಕಾರಿ', ಅಂದರೆ ಕಾವಲುಗಾರ.

ಒಂದು ಸಂಜೆ ನಮ್ಮ ಜತೆ ಬಂದಿದ್ದ ಅತ್ತೆಯವರ ಬಿಪಿ ಮಾತ್ರೆ ಮುಗಿಯಿತು. ಔಷಧಿ ಅಂಗಡಿ ದೂರವೇನಿರಲಿಲ್ಲ. ಆದರೆ ದಾರಿಯುದ್ದಕ್ಕೂ ಗೋಡೆ, ಗೇಟು, ಮತ್ತೆ ಗೋಡೆ. ತೆರೆದ ಬಾಗಿಲಿಲ್ಲ, ಕಿಟಕಿಯ ಬೆಳಕಿಲ್ಲ. "ಕತ್ತಲಾಯಿತು, ನಡೆದು ಹೋಗಬೇಡಿ, ಟ್ಯಾಕ್ಸಿ ಕರೆಯುತ್ತೇವೆ" ಎಂದರು ಮನೆಯವರು. ಹತ್ತು ನಿಮಿಷದ ನಡಿಗೆಗೆ ಟ್ಯಾಕ್ಸಿ!

ಕಟ್ಟುವವರ ಲೆಕ್ಕ ಸರಳ. ಕೊಳ್ಳುವವರಿಗೆ ಕಾರಿನ ಜಾಗ ಬೇಕು. ನೆಲ ಅಗೆದು ಬೇಸ್‌ಮೆಂಟ್ ಮಾಡಲು ಖರ್ಚು ಹೆಚ್ಚು. ಹಾಗಾಗಿ ಗ್ರೌಂಡ್ ಫ್ಲೋರ್ ಕಾರಿಗೆ. ಆದರೆ ನೈರೋಬಿಯಲ್ಲಿ ಶೇ. 40ರಷ್ಟು ಓಡಾಟ ಕಾಲ್ನಡಿಗೆಯದ್ದೇ. ರಸ್ತೆ ಹಣದಲ್ಲಿ ಶೇ. 20 ಭಾಗ ನಡೆಯುವವರಿಗೆ, ಸೈಕಲ್ಲಿನವರಿಗೆ ಎಂದು ಅಲ್ಲಿನ ಕೌಂಟಿ ಆಡಳಿತ 2015ರಲ್ಲೇ ನೀತಿ ಮಾಡಿದೆ. ಫುಟ್‌ಪಾತ್ ಬೇಕೇ ಬೇಕು. ಆದರೆ ಪಕ್ಕದಲ್ಲಿ ಬರೀ ಗೋಡೆ ಇದ್ದರೆ ಸಂಜೆಯ ಮೇಲೆ ಅದರಲ್ಲಿ ನಡೆಯುವವರು ಯಾರು?

ಹಳೆಯ ನೈರೋಬಿ ಹೀಗಿರಲಿಲ್ಲ. 1899ರಲ್ಲಿ ರೈಲ್ವೆ ಠಾಣ್ಯವಾಗಿ ಹುಟ್ಟಿದ ಊರಿನಲ್ಲಿ ಭಾರತೀಯರು ಬಜಾರ್ ಕಟ್ಟಿದರು. ಮುಂದೆ ಅಂಗಡಿ, ಹಿಂದೆಯೋ ಮೇಲೆಯೋ ಮನೆ. ಅಂದಿನ ಬಜಾರ್ ಸ್ಟ್ರೀಟ್ ಇಂದಿನ ಬಿಯಾಶಾರಾ ಸ್ಟ್ರೀಟ್. ಸ್ವಾಹಿಲಿಯಲ್ಲಿ ಅಂಗಡಿಗೆ 'ಡುಕಾ' ಎನ್ನುತ್ತಾರೆ, ನಮ್ಮ 'ದುಕಾನ್' ಅದು! ಇಂದಿಗೂ ಪೈಪ್‌ಲೈನ್‌ನಂಥ ಬಡವರ ಬಡಾವಣೆಗಳಲ್ಲಿ ಎತ್ತರದ ಬಾಡಿಗೆ ಕಟ್ಟಡಗಳ ಕೆಳಗೆ ಅಂಗಡಿಗಳೇ ಇವೆ, ಬೀದಿಯಲ್ಲಿ ತರಕಾರಿ ಮಾರುವ 'ಮಾಮಾ ಂಬೋಗಾ'ಗಳಿದ್ದಾರೆ. ಅಲ್ಲಿ ಕೆಳಗಿನ ಮನೆಗಳಿಗೆ ಗಾಳಿ ಬೆಳಕು ಸಾಲದು, ನಿಜ. ಆದರೆ ಮಾತ್ರೆಗೆ, ಹಾಲಿಗೆ ಟ್ಯಾಕ್ಸಿ ಬೇಕಿಲ್ಲ.

ದುಬೈನ ಕರಾಮಾದಲ್ಲೋ ಶಾರ್ಜಾದ ರೋಲಾದಲ್ಲೋ ಇದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಲಿಫ್ಟ್ ಇಳಿದರೆ ಗ್ರೋಸರಿ, ಪಕ್ಕದಲ್ಲಿ ಕೆಫೆಟೇರಿಯಾ, ಅದರಾಚೆ ಫಾರ್ಮಸಿ. ರಾತ್ರಿ ಹನ್ನೊಂದಕ್ಕೂ ಬೀದಿಯಲ್ಲಿ ಬೆಳಕು, ಜನ. ರೂಮಿನಲ್ಲಿ ಆರು ಜನರಿದ್ದರೂ ಕಾಲಿಗೆ ಬಿಡುಗಡೆ ಇತ್ತು.

ಆದರೆ ಇಲ್ಲಿ ದುಡಿದು ಊರಿನಲ್ಲಿ ನಾವು ಕೊಳ್ಳುವ ಫ್ಲ್ಯಾಟ್ ಎಂಥದ್ದು? ಮಂಗಳೂರಾಗಲಿ ಬೆಂಗಳೂರಾಗಲಿ, ಕೆಳಗೆ ಸ್ಟಿಲ್ಟ್ ಪಾರ್ಕಿಂಗ್, ಎದುರಿಗೆ ಗೇಟು. ಬೆಂಗಳೂರಿನ ಕಟ್ಟಡ ನಿಯಮದಲ್ಲಿ ಪಾರ್ಕಿಂಗ್ ಜಾಗ ಎಫ್‌ಎಆರ್ ಲೆಕ್ಕಕ್ಕೆ ಬರುವುದಿಲ್ಲ, ಅಂಗಡಿ ಬರುತ್ತದೆ. ಬಿಲ್ಡರ್ ಯಾವುದನ್ನು ಕಟ್ಟುತ್ತಾನೆ ಎಂದು ಕೇಳಬೇಕೇ? ಅದಕ್ಕೆ ಹಣ ಕೊಡುವವರು ನಾವು. ನಮ್ಮ ಕಾರು ನಿಲ್ಲುವುದು ರಜೆಯ ಒಂದು ತಿಂಗಳು; ಉಳಿದ ಹನ್ನೊಂದು ತಿಂಗಳು ಜಾಗ ಖಾಲಿ. ವರ್ಷವಿಡೀ ಅಲ್ಲಿರುವವರು ಅಪ್ಪ ಅಮ್ಮ. ಅವರಿಗೆ ಡ್ರೈವಿಂಗ್ ಬರದು. ಇಲ್ಲಿಂದ ಫೋನಿನಲ್ಲಿ "ವಾಕಿಂಗ್ ಹೋದಿರಾ?" ಎಂದು ಕೇಳುವವರೂ ನಾವೇ.

ಮುಂದಿನ ರಜೆಯಲ್ಲಿ ಫ್ಲ್ಯಾಟ್ ನೋಡಲು ಹೋಗುವವರಲ್ಲಿ ಒಂದು ಬಿನ್ನಹ. ಅಡ್ವಾನ್ಸ್ ಕೊಡುವ ಮೊದಲು ಸಂಜೆ ಏಳು ಗಂಟೆಗೆ ಅಮ್ಮನ ಕೈ ಹಿಡಿದು ಆ ಗೇಟಿನಿಂದ ಹತ್ತಿರದ ಔಷಧಿ ಅಂಗಡಿಯವರೆಗೆ ನಡೆದು ಬನ್ನಿ. ಅಮ್ಮ ನಿಮ್ಮ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತಾರೆ ಎಂಬುದರಲ್ಲೇ ಉತ್ತರ ಸಿಗುತ್ತದೆ.