ತಕ್ಕಡಿಯೂ ತೂಕದ ಕಲ್ಲುಗಳೂ

ಕಾಯಿದೆಗಳು ಎರಡು ಬಗೆಯವು. ಇಂತಹ ಸಂಗತಿ ನಡೆದರೆ ಇಂತಹ ಫಲವೆಂದು ನೇರವಾಗಿ ವಿಧಿಸುವವು ಒಂದು ಬಗೆ. ಕೆಲವು ಅಂಶಗಳನ್ನು ಎಣಿಸಿಟ್ಟು, ಇವನ್ನು ತೂಗಿ ನೋಡಿ ನಿರ್ಣಯಿಸೆಂದು ಅಧಿಕಾರಿಗೆ ಹೇಳುವವು ಇನ್ನೊಂದು ಬಗೆ. ಮೊದಲನೆಯದರಲ್ಲಿ ಅಧಿಕಾರಿಯ ವಿವೇಚನೆಗೆ ಅವಕಾಶ ಕಡಿಮೆ; ಎರಡನೆಯದರಲ್ಲಿ ಎಲ್ಲವೂ ಅವನ ವಿವೇಚನೆಯ ಮೇಲೆಯೇ ನಿಂತಿದೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಜನರ ಜಮೀನು, ಗಣಿ, ಗಡಿ ಈ ಮೂರೂ ಒಂದಲ್ಲ ಒಂದು ಕಾಲದಲ್ಲಿ ಇಂತಹ ತಕ್ಕಡಿಗೆ ಬಿದ್ದಿವೆ. ಸಂತೆಯಲ್ಲಿ ಧಾನ್ಯ ಕೊಳ್ಳುವವನು ತಕ್ಕಡಿಯ ಮುಳ್ಳನ್ನೂ ಕಲ್ಲನ್ನೂ ನೋಡಿಯೇ ಹಣ ಕೊಡುತ್ತಾನೆ. ಸರಕಾರದ ತಕ್ಕಡಿಯನ್ನು ಮಾತ್ರ ನಾವು ನೋಡದೆ ಬಿಡುವುದೇಕೆ?

ಮೊದಲು ಜಮೀನಿನ ವಿಷಯ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಯಿತು. ಅದರ ನೀರಿನಲ್ಲಿ ನಾರಾಯಣದೇವರಕೆರೆ ಮೊದಲಾದ ಊರುಗಳು ಮುಳುಗಿದವು. ಆ ದಿನಗಳಲ್ಲಿ ಮದ್ರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿಯ ಕಡೆ ಜಾರಿಯಲ್ಲಿದ್ದುದು 1894ರ ಭೂಸ್ವಾಧೀನ ಕಾಯಿದೆ. ಅದರ 23ನೆಯ ಕಲಮು ಪರಿಹಾರ ಗೊತ್ತುಮಾಡುವಾಗ ಏನೇನನ್ನು ಗಣಿಸಬೇಕೆಂದು ಎಣಿಸಿತ್ತು: ಪೇಟೆಯ ಬೆಲೆ, ಹೊಲದಲ್ಲಿ ನಿಂತ ಬೆಳೆ ಮತ್ತು ಮರ, ಉಳಿದ ಭೂಮಿಯಿಂದ ಬೇರ್ಪಟ್ಟುದರ ನಷ್ಟ, ವಸತಿ ಬದಲಿಸುವ ಖರ್ಚು ಇತ್ಯಾದಿ. 24ನೆಯ ಕಲಮು ಏನೇನನ್ನು ಗಣಿಸಲೇಬಾರದೆಂದು ಹೇಳಿತ್ತು. ಆ ನಿಷೇಧದ ಪಟ್ಟಿಯಲ್ಲಿ ಒಂದು ಅಂಶ, ಭೂಮಿಯನ್ನು ಬಿಟ್ಟುಕೊಡಲು ಒಡೆಯನಿಗಿರುವ ಮನಸ್ಸಿಲ್ಲದಿರುವಿಕೆ! ತಾತ ಮುತ್ತಾತಂದಿರ ಹೊಲವನ್ನು ಬಿಡಲಾರೆನೆಂದು ರೈತನು ಎಷ್ಟು ಕಣ್ಣೀರು ಸುರಿಸಿದರೂ ಅದಕ್ಕೆ ತಕ್ಕಡಿಯಲ್ಲಿ ತೂಕವಿರಲಿಲ್ಲ. ಆ ಕಾಯಿದೆಗೆ ಬದಲಾಗಿ 2013ರಲ್ಲಿ ಹೊಸ ಕಾಯಿದೆ ಬಂದಿತು. ಆದರೆ ಹಳೆಯದು ಕಲಿಸಿದ ಪಾಠ ಉಳಿಯಿತು: ಪಟ್ಟಿ ಬರೆಯುವವನೇ ಅರ್ಧ ತೀರ್ಪು ಬರೆದಂತೆ. ಯಾವ ಕಲ್ಲನ್ನು ತಕ್ಕಡಿಗೆ ಹಾಕಬೇಕು, ಯಾವುದನ್ನು ಹೊರಗಿಡಬೇಕು ಎಂಬುದು ನಿಶ್ಚಯವಾದ ಮೇಲೆ ತೂಗುವುದು ಬರಿಯ ಕೈಕೆಲಸ.

ಎರಡನೆಯದು ಗಡಿಯ ವಿಷಯ. 1953ರ ಡಿಸೆಂಬರ್ 29ರ ಠರಾವಿನಿಂದ ಭಾರತ ಸರಕಾರವು ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಫಜಲ್ ಅಲಿಯವರು ಅಧ್ಯಕ್ಷರು. ಹೃದಯನಾಥ ಕುಂಜ್ರು ಮತ್ತು ಕೆ. ಎಂ. ಪಣಿಕ್ಕರ್ ಸದಸ್ಯರು. ಭಾಷೆ ಮತ್ತು ಸಂಸ್ಕೃತಿಗಳಿಗೆ ಮಹತ್ವವುಂಟೆಂದು ಠರಾವು ಒಪ್ಪಿತು. ಆದರೆ ದೇಶದ ಐಕ್ಯ ಮತ್ತು ಭದ್ರತೆ ಮೊದಲನೆಯ ವಿಚಾರವೆಂದೂ, ಹಣಕಾಸು, ಆರ್ಥಿಕ ಸ್ಥಿತಿ ಮತ್ತು ಆಡಳಿತಗಳು ಅದಕ್ಕೆ ಬಹುಮಟ್ಟಿಗೆ ಸಮನಾದ ವಿಚಾರಗಳೆಂದೂ ಸೇರಿಸಿತು. ಅಂಶಗಳ ಹೆಸರು ಇದ್ದವು. ಯಾವುದಕ್ಕೆ ಎಷ್ಟು ಸೇರು ತೂಕವೆಂಬುದು ಇರಲಿಲ್ಲ. ಫಲವೇನಾಯಿತೆಂಬುದನ್ನು ನಮ್ಮ ವಾಚಕರು ಬಲ್ಲರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಮೈಸೂರಿಗೆ ಸೇರಿದ್ದ ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲ್ಲೂಕುಗಳನ್ನೂ ಅಣೆಕಟ್ಟಿರುವ ಮಲ್ಲಾಪುರದ ಸ್ವಲ್ಪ ಭಾಗವನ್ನೂ ಆಂಧ್ರಕ್ಕೆ ಕೊಡಬೇಕೆಂದು 1955ರಲ್ಲಿ ಆಯೋಗವು ಶಿಫಾರಸು ಮಾಡಿತು. ಹೊಸಪೇಟೆ ತಾಲ್ಲೂಕಿನೊಡನೆ ಹಂಪಿಯೂ ಹೋಗುತ್ತಿತ್ತು, ಅಂದು ಅದೇ ತಾಲ್ಲೂಕಿನಲ್ಲಿದ್ದ ಕಂಪ್ಲಿಯೂ ಹೋಗುತ್ತಿತ್ತು. ತಕ್ಕಡಿಯ ಒಂದು ತಟ್ಟೆಯಲ್ಲಿ ಜನರ ನುಡಿ, ಇನ್ನೊಂದರಲ್ಲಿ ಅಣೆಕಟ್ಟು ಮತ್ತು ಕಾಲುವೆ; ಕಲ್ಲು ಕಟ್ಟಿದ ತಟ್ಟೆ ಕೆಳಗಿಳಿಯಿತು.

ಆ ಶಿಫಾರಸು ನಿಲ್ಲಲಿಲ್ಲ. 1956ರ ಕಾಯಿದೆಯಲ್ಲಿ ಈ ಸೀಮೆ ಕನ್ನಡ ನಾಡಿನಲ್ಲಿಯೇ ಉಳಿಯಿತು. ನೀರಿನ ಹಂಚಿಕೆಗೆ ಗಡಿಯನ್ನು ಸರಿಸಬೇಕಾಗಿರಲಿಲ್ಲ. 1953ರಲ್ಲಿಯೇ ರಚಿತವಾದ ತುಂಗಭದ್ರಾ ಮಂಡಳಿ ಆ ಕೆಲಸವನ್ನು ಇಂದಿಗೂ ನಡೆಸುತ್ತಿದೆ. ಅಂಶ ಸಾಚಾ ಆಗಿದ್ದರೂ ಅದಕ್ಕೆ ಚಿಕ್ಕ ಪರಿಹಾರ ಸಾಕಾಗುವಾಗ ದೊಡ್ಡದನ್ನು ಬೇಡುವುದು ತೂಕದ ತಪ್ಪು. ಪಟ್ಟಿಯಲ್ಲಿರುವ ಪ್ರತಿಯೊಂದು ಅಂಶಕ್ಕೂ, ಇದನ್ನು ಬೇರೆ ದಾರಿಯಿಂದ ಈಡೇರಿಸಬಹುದೇ ಎಂದು ಕೇಳುವುದು ತೂಗುವವನ ಮೊದಲ ಧರ್ಮ.

ಮೂರನೆಯದು ಸಂಡೂರಿನ ಗಣಿ. 1957ರ ಗಣಿ ಮತ್ತು ಖನಿಜಗಳ ಕಾಯಿದೆಯ 11ನೆಯ ಕಲಮಿನ ಮೂರನೆಯ ಉಪಕಲಮು, ಹಲವರು ಅರ್ಜಿ ಹಾಕಿದಾಗ ಯಾರಿಗೆ ಗುತ್ತಿಗೆ ಕೊಡಬೇಕೆಂಬುದಕ್ಕೆ ಅಂಶಗಳನ್ನು ಎಣಿಸಿತ್ತು: ಗಣಿಕೆಲಸದ ವಿಶೇಷ ಜ್ಞಾನ ಅಥವಾ ಅನುಭವ, ಹಣಬಲ, ತಾಂತ್ರಿಕ ಸಿಬ್ಬಂದಿಯ ಯೋಗ್ಯತೆ, ಗಣಿಯಲ್ಲಿಯೂ ಅದಿರನ್ನವಲಂಬಿಸಿದ ಕೈಗಾರಿಕೆಯಲ್ಲಿಯೂ ಹೂಡಲಿರುವ ಬಂಡವಾಳ, ಮತ್ತು ನಿಯಮಗಳಲ್ಲಿ ಗೊತ್ತುಪಡಿಸಿದ ಇತರ ಸಂಗತಿಗಳು. ಸಂಡೂರಿನ ಅದಿರಿಗಾಗಿ ಬಂದ ಅರ್ಜಿಗಳಲ್ಲಿ ರಾಜ್ಯ ಸರಕಾರವು ಉಕ್ಕಿನ ಕಾರ್ಖಾನೆಯುಳ್ಳ ಎರಡು ಸಂಸ್ಥೆಗಳ ಪರವಾಗಿ ಶಿಫಾರಸು ಮಾಡಿತು. ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರು ಕಂಪನಿ ಅದನ್ನು ಪ್ರಶ್ನಿಸಿತು. 2010ರ ಸೆಪ್ಟೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯವು ಆ ಶಿಫಾರಸನ್ನು ರದ್ದುಮಾಡಿತು. ಕಾರ್ಖಾನೆ ಈಗಾಗಲೇ ಇದೆ, ಸರಕಾರ ಹಿಂದೆ ಮಾತು ಕೊಟ್ಟಿತ್ತು ಎಂಬ ಕಾರಣಗಳು ಕಲಮಿನ ಪಟ್ಟಿಯಲ್ಲಿಲ್ಲ. ಪಟ್ಟಿಯ ಹೂಡಿಕೆಯೆಂದರೆ ಮುಂದೆ ಹೂಡುವ ಹಣವೇ ಹೊರತು ಹಿಂದೆ ಹೂಡಿದ ಹಣವಲ್ಲ ಎಂಬುದು ತೀರ್ಪಿನ ತಾತ್ಪರ್ಯ. ಆ ಕಾರಣಗಳು ಕೆಟ್ಟವೆಂದು ನಾವು ಹೇಳೆವು. ಕೈಗಾರಿಕೆಯ ಅಭಿವೃದ್ಧಿ ಯಾರಿಗೆ ಬೇಡ? ಆದರೆ ಶಾಸನಸಭೆ ಕೊಟ್ಟ ಕಲ್ಲುಗಳ ನಡುವೆ ಸರಕಾರವು ತನ್ನ ಜೇಬಿನಿಂದ ಒಂದು ಕಲ್ಲನ್ನು ಸೇರಿಸಲಾಗದು.

ಅನಂತರ 2015ರಲ್ಲಿ ಕಾಯಿದೆ ತಿದ್ದುಪಡಿಯಾಗಿ ಗಣಿಗಳು ಹರಾಜಿಗೆ ಬಂದವು. ಅರ್ಹತೆಯ ನಿಬಂಧನೆಗಳು ಉಳಿದರೂ ಗುತ್ತಿಗೆಯನ್ನು ಗೊತ್ತುಮಾಡುವುದು ಬೆಲೆಯ ಕೂಗು. ಪಕ್ಷಪಾತದ ಬಾಗಿಲು ಮುಚ್ಚಿತೆಂಬುದು ನಿಜವಾದ ಲಾಭ. ಆದರೆ ಒಂದೇ ಕಲ್ಲಿನಿಂದ ತೂಗುವ ತಕ್ಕಡಿ ಸುಲಭವೇ ಹೊರತು ಪೂರ್ಣವಲ್ಲ. ಗಣಿಗಾರನ ಅನುಭವವೂ ಸಿಬ್ಬಂದಿಯ ಯೋಗ್ಯತೆಯೂ ಹರಾಜಿನ ಕೂಗಿನಲ್ಲಿ ಕೇಳಿಸವು.

ಇನ್ನು ಪಟ್ಟಿಯೇ ಇಲ್ಲದ ಕಾಯಿದೆಯನ್ನು ನೋಡೋಣ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 4ನೆಯ ಕಲಮು ಜಿಲ್ಲೆಗಳನ್ನು ರಚಿಸುವ, ಅವುಗಳ ಮೇರೆಗಳನ್ನು ಬದಲಿಸುವ ಅಧಿಕಾರವನ್ನು ಸರಕಾರಕ್ಕೆ ಕೊಡುತ್ತದೆ. ಯಾವ ಅಂಶಗಳನ್ನು ಗಣಿಸಬೇಕೆಂದು ಎಣಿಸುವುದಿಲ್ಲ. ಅದರಡಿಯಲ್ಲಿಯೇ 2021ರಲ್ಲಿ ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆಯಾಯಿತು. ಕರಡು ಪ್ರಕಟವಾಯಿತು, ಆಕ್ಷೇಪಣೆಗಳನ್ನೂ ಕೇಳಿದರು. ಹಂಪಿ ಹೊಸ ಜಿಲ್ಲೆಗೆ ಬಂದಿತು. ಹೊಸಪೇಟೆಗೆ ಸುಮಾರು 30 ಕಿಲೋಮೀಟರಿನಲ್ಲಿರುವ ಕಂಪ್ಲಿಯೂ ಸಂಡೂರೂ ಅದಕ್ಕಿಂತ ದೂರದ ಬಳ್ಳಾರಿಯಲ್ಲಿಯೇ ಉಳಿದವು. ಹೀಗೆ ಮಾಡಿದ್ದು ತಪ್ಪೆಂದು ನಾವು ತೀರ್ಪು ಕೊಡುವುದಿಲ್ಲ. ಬಳ್ಳಾರಿಗೆ ಉಳಿಯಬೇಕಾದ ಆದಾಯವುಂಟು, ಜನಸಂಖ್ಯೆಯ ಲೆಕ್ಕವುಂಟು, ಹಳೆಯ ಸಂಬಂಧಗಳುಂಟು. ಸಂಡೂರಿನ ಗಣಿಗಳಿಂದ ಬರುವ ಜಿಲ್ಲಾ ಖನಿಜ ನಿಧಿ ಯಾವ ಜಿಲ್ಲೆಯ ಲೆಕ್ಕಕ್ಕೆ ಸೇರಬೇಕೆಂಬುದೂ ಈ ಗೆರೆಯಿಂದಲೇ ನಿಶ್ಚಯವಾಗುತ್ತದೆ. ನಮ್ಮ ದೂರು ಬೇರೆ. ಜಿಲ್ಲಾ ಕಚೇರಿಗೆ ಹೋಗಿಬರುವ ಕಂಪ್ಲಿಯ ವಿಧವೆಯ ದಿನಗೂಲಿ ಆ ತಕ್ಕಡಿಯಲ್ಲಿ ಇತ್ತೇ ಇಲ್ಲವೇ ಎಂದು ಕೇಳಲು ಆಕೆಗೆ ಕಾಯಿದೆಯಲ್ಲಿ ಒಂದು ಸಾಲೂ ಆಧಾರವಿಲ್ಲ. ಗಣಿಯ ಕಂಪನಿಗೆ ನ್ಯಾಯಾಲಯದಲ್ಲಿ ಬೆರಳಿಟ್ಟು ತೋರಿಸಲು ಒಂದು ಪಟ್ಟಿಯಿತ್ತು, ಆಕೆಗೆ ಇಲ್ಲ.

ಅಂಶಗಳನ್ನು ಎಣಿಸಿದರೆ ಸರಕಾರದ ಕೈ ಕಟ್ಟಿದಂತೆ, ಊರೂರಿಗೂ ಬೇರೆ ಬೇರೆ ಪರಿಸ್ಥಿತಿಯಿರುತ್ತದೆ ಎಂದು ಕೆಲವರು ಹೇಳುವರು. ಪರಿಸ್ಥಿತಿ ಬೇರೆ ಬೇರೆಯೆಂಬುದರಿಂದಲೇ ಪಟ್ಟಿ ಬೇಕು. ಪಟ್ಟಿಯು ತೀರ್ಪನ್ನು ಮುಂಚಿತವಾಗಿ ಹೇಳುವುದಿಲ್ಲ. ಏನನ್ನೂ ಮರೆಯಬೇಡವೆಂದು ನೆನಪು ಮಾಡುತ್ತದೆ, ಹೊರಗಿನದನ್ನು ತರಬೇಡವೆಂದು ತಡೆಯುತ್ತದೆ.

ಆದುದರಿಂದ ನಾವು ಬೇಡುವುದು ಮೂರು. ಜಿಲ್ಲೆ ತಾಲ್ಲೂಕುಗಳ ಮೇರೆ ಬದಲಿಸುವ ಕಲಮಿನಲ್ಲಿ ಗಣಿಸಬೇಕಾದ ಅಂಶಗಳನ್ನು ಶಾಸನಸಭೆ ಎಣಿಸಲಿ: ದೂರ, ಸಾರಿಗೆ, ಜನಸಂಖ್ಯೆ, ಆದಾಯ, ನೀರಾವರಿ, ಜನರ ಅಭಿಪ್ರಾಯ. ಒಂದಕ್ಕೊಂದು ವಿರೋಧ ಬಂದಾಗ ಯಾವುದು ಮೇಲೆಂಬುದನ್ನು ಆದಷ್ಟು ಮಟ್ಟಿಗೆ ಹೇಳಲಿ. ಪ್ರತಿಯೊಂದು ಅಂಶವನ್ನೂ ಹೇಗೆ ತೂಗಿದೆವೆಂಬ ಕಾರಣಗಳು ಆಜ್ಞೆಯಲ್ಲಿಯೇ ಕನ್ನಡದಲ್ಲಿ ಬರೆದಿರಲಿ. ಕಾರಣ ಬರೆಯದ ಆಜ್ಞೆ ಮುಳ್ಳು ಕಾಣದ ತಕ್ಕಡಿಯಿದ್ದಂತೆ.

ನಮ್ಮ ಉಪಾಧ್ಯಾಯರೂ ಪಟ್ಟಣದ ವಿದ್ಯಾವಂತರೂ ಸರಕಾರದ ಪ್ರಕಟಣೆ ಕೈಗೆ ಬಂದಾಗ ನಿರ್ಣಯವನ್ನಷ್ಟೇ ಓದಿ ಮಡಿಚಿಡದಿರಲಿ. ಯಾವ ಕಲಮಿನ ಮೇರೆಗೆ, ಯಾವ ಅಂಶಗಳನ್ನು ತೂಗಿ, ಯಾವುದನ್ನು ಬಿಟ್ಟು ಎಂದು ಕೇಳಿ, ಉತ್ತರ ಬರುವ ತನಕ ಕೇಳುತ್ತಲೇ ಇರಲಿ.